ಮುಸ್ಸಂಜೆಯ ಚಿರತೆ: ಮರದ ಮೇಲಿದ್ದಾಗ ಕಪ್ಪು, ನಡೆದಾಗ ಮಸುಕು

ಪ್ರಶ್ನೆ:
ಸಫಾರಿ ಮುಗಿಯುವ ಹೊತ್ತಿಗೆ ಚಿರತೆ ಕಾಣಿಸಿತು. ಕೊಂಬೆಯ ಮೇಲೆ ಮಲಗಿದ್ದಾಗ ತೆಗೆದ ಚಿತ್ರಗಳಲ್ಲಿ ಹಿಂದಿನ ಆಕಾಶ ಚೆನ್ನಾಗಿ ಬಂದಿದೆ, ಚಿರತೆ ಮಾತ್ರ ಇದ್ದಿಲಿನಂತಿದೆ. ಇಳಿದು ಹುಲ್ಲಿನಲ್ಲಿ ನಡೆಯುವಾಗ ತೆಗೆದವುಗಳಲ್ಲಿ ಬೆಳಕು ಪರವಾಗಿಲ್ಲ, ಆದರೆ ಮುಖ ಮಸುಕು. ಎಪಿಎಸ್-ಸಿ (ಚಿಕ್ಕ ಸೆನ್ಸರಿನ) ಕ್ಯಾಮೆರಾ, 150-600 ಮಿ.ಮೀ. ಜೂಮ್. ಅಪರ್ಚರ್ ಪ್ರಯಾರಿಟಿ (ಲೆನ್ಸಿನ ಕಿಂಡಿಯ ಅಳತೆ ನನ್ನ ಆಯ್ಕೆ, ಶಟರ್ ವೇಗ ಕ್ಯಾಮೆರಾದ್ದು), 600 ಮಿ.ಮೀ., ಎಫ್ 6.3, ಆಟೋ ಐಎಸ್‌ಒ (ಚಿತ್ರವನ್ನು ಬೆಳಗಿಸುವ ಮಟ್ಟ ಕ್ಯಾಮೆರಾದ್ದೇ ಆಯ್ಕೆ; ಮಿತಿ 1600). ಶಟರ್ ವೇಗ 1/160 ಸೆಕೆಂಡಿನ ಆಸುಪಾಸು. ಸ್ಟೆಬಿಲೈಸೇಷನ್ ಚಾಲೂ ಇತ್ತು. ಲೆನ್ಸ್ ಬದಲಿಸಬೇಕೇ?

ಉತ್ತರ:
ಬೇಡ. ಮೊದಲು ಒಂದು ಮಸುಕಾದ ಚಿತ್ರವನ್ನು ಪೂರ್ತಿ ಹಿಗ್ಗಿಸಿ ನೋಡಿ. ಹುಲ್ಲು, ಕಲ್ಲು, ಚಿರತೆ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕ್ಯಾಮೆರಾ ಅಲುಗಾಡಿದೆ. ಮುಂದಿನ ಹುಲ್ಲಿನ ಎಳೆ ಚೂಪಾಗಿದ್ದು ಇಡೀ ಪ್ರಾಣಿ ಮೆತ್ತಗಿದ್ದರೆ ಫೋಕಸ್ ಹುಲ್ಲಿನ ಮೇಲೆ ಕುಳಿತಿದೆ. ಪಕ್ಕೆಯ ಚುಕ್ಕೆಗಳು ಸ್ಪಷ್ಟವಾಗಿದ್ದು ಮೀಸೆ, ಮುಂಗಾಲು ಮಾತ್ರ ಎರಡೆರಡಾಗಿ ಕಂಡರೆ ಅದು ಚಿರತೆಯದೇ ಚಲನೆ. ಮೂರಕ್ಕೂ ಮದ್ದು ಬೇರೆ. ನಿಮ್ಮಲ್ಲಿ ಯಾವುದು?

ಪ್ರಶ್ನೆ ಕೇಳಿದವರು:
ಹೆಚ್ಚಿನವು ಮೂರನೆಯ ಬಗೆ. ಪಕ್ಕೆಯ ಚುಕ್ಕೆಗಳನ್ನು ಎಣಿಸಬಹುದು, ಮೀಸೆ ಎಲ್ಲೂ ಇಲ್ಲ. ಕೆಲವು ಎರಡನೆಯ ಬಗೆ.

ಉತ್ತರ:
ಹಾಗಾದರೆ ಕಾರಣ ಆ 1600ರ ಮಿತಿ. ಅದಕ್ಕಿಂತ ಏರಲಾಗದೆ ಕ್ಯಾಮೆರಾ ಶಟರನ್ನು ನಿಧಾನ ಮಾಡಿದೆ. ಸ್ಟೆಬಿಲೈಸೇಷನ್ ನಿಮ್ಮ ಕೈಯ ನಡುಕವನ್ನು ಹಿಡಿದಿಡುತ್ತದೆ, ಪ್ರಾಣಿಯ ನಡಿಗೆಯನ್ನಲ್ಲ. ಮಲಗಿರುವ ಚಿರತೆಗೆ ಕ್ಯಾಮೆರಾಗೆ ಒಳ್ಳೆಯ ಆಸರೆಯಿದ್ದರೆ 1/160 ಸಾಕು, ಅದಕ್ಕಿಂತ ನಿಧಾನವೂ ನಡೆಯುತ್ತದೆ. ನಡೆಯುವಾಗ ತಲೆ ಪ್ರತಿ ಹೆಜ್ಜೆಗೂ ಏರಿಳಿಯುತ್ತದೆ. ಅಲ್ಲಿ ನಾನು 1/640ಕ್ಕಿಂತ ಕೆಳಗಿಳಿಯುವುದಿಲ್ಲ. 1/160ರಿಂದ 1/640ಕ್ಕೆ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧ ಇಲ್ಲವೇ ಇಮ್ಮಡಿ); ಅದೇ ಬೆಳಕಿಗೆ ಐಎಸ್‌ಒ 6400 ಬೇಕು. ಹೋಗಲಿ ಬಿಡಿ, ಕಾಳುಕಾಳಾಗಿ ಬಂದರೂ ಬರಲಿ. ಆ ಕಾಳನ್ನು, ಅಂದರೆ ನಾಯ್ಸ್ ಅನ್ನು, ತಗ್ಗಿಸುವ ತಂತ್ರಾಂಶಗಳು ಈಗ ಬಹಳ ಚೆನ್ನಾಗಿವೆ. ಅಲುಗಿ ಹೋದ ಮೀಸೆಯನ್ನು ನಿಜವಾಗಿ ಮರಳಿ ತರುವ ತಂತ್ರಾಂಶ ಇಲ್ಲ.

ಮ್ಯಾನ್ಯುಯಲ್ ಮೋಡ್‌ನಲ್ಲಿ ಶಟರ್ ಮತ್ತು ಅಪರ್ಚರ್ ಎರಡನ್ನೂ ನೀವೇ ಕಟ್ಟಿಹಾಕಿ, ಐಎಸ್‌ಒ ಒಂದನ್ನು ಆಟೋಗೆ ಬಿಡಿ, ಮಿತಿಯನ್ನು 12800ಕ್ಕೆ ಏರಿಸಿ. ಆ ಸ್ಥಿತಿಯಲ್ಲಿ ನಿಮ್ಮ ಕ್ಯಾಮೆರಾ ಎಕ್ಸ್‌ಪೋಷರ್ ಕಾಂಪೆನ್ಸೇಷನ್‌ಗೆ (ಕ್ಯಾಮೆರಾ ಅಳೆದದ್ದಕ್ಕಿಂತ ಚಿತ್ರವನ್ನು ಬೆಳಕಾಗಿಸುವ ಇಲ್ಲವೇ ಕತ್ತಲಾಗಿಸುವ ಹೊಂದಾಣಿಕೆಗೆ) ಅವಕಾಶ ಕೊಡದಿದ್ದರೆ, ಅಪರ್ಚರ್ ಪ್ರಯಾರಿಟಿಯಲ್ಲೇ ಉಳಿದು ಆಟೋ ಐಎಸ್‌ಒ ಮೆನುವಿನಲ್ಲಿ ಕನಿಷ್ಠ ಶಟರ್ ವೇಗವನ್ನು ನಿಗದಿಮಾಡಿ.

ಮರದ ಮೇಲಿನ ಚಿರತೆ ಕಪ್ಪಾಗಿದ್ದಕ್ಕೆ ಆ ಕಾಂಪೆನ್ಸೇಷನ್ನೇ ಪರಿಹಾರ. ಚೌಕಟ್ಟಿನ ಬಹುಭಾಗ ಆಕಾಶವಾದಾಗ ಬೆಳಕು ಅಳೆಯುವ ಮೀಟರ್ ಆಕಾಶವನ್ನೇ ಮುಖ್ಯವೆಂದು ತಿಳಿದು ಚಿತ್ರವನ್ನು ಕತ್ತಲಾಗಿಸುತ್ತದೆ. +1.3ರಿಂದ +2ರವರೆಗೆ ಏರಿಸಿ. ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ, ಹೋಗಲಿ. ನಮಗೆ ಬೇಕಾದದ್ದು ಕಣ್ಣು ಮತ್ತು ತುಪ್ಪಳ. ಆಕಾಶವೂ ಬೇಕು ಎನಿಸಿದರೆ ಪೂರ್ತಿ ನೆರಳುಚಿತ್ರವನ್ನೇ ತೆಗೆಯಿರಿ, ಬಾಲ ಕೊಂಬೆಯಿಂದ ಬಿಡಿಸಿಕೊಂಡು ಕಾಣುವವರೆಗೆ ಕಾದು. ಚಿರತೆ ನೆಲಕ್ಕಿಳಿದ ಕೂಡಲೇ ಕಾಂಪೆನ್ಸೇಷನ್ ಸೊನ್ನೆಗೆ ತರುವುದನ್ನು ಮಾತ್ರ ಮರೆಯಬೇಡಿ.

ಇನ್ನೊಬ್ಬ ಸದಸ್ಯರು:
ಐಎಸ್‌ಒ 1600ರಲ್ಲೇ ಇಟ್ಟು, ಶಟರ್ ವೇಗ ಹೆಚ್ಚಿಸಿ ಕತ್ತಲಾಗಿ ತೆಗೆದು, ರಾ ಫೈಲನ್ನು (ಸೆನ್ಸರ್ ಕೊಟ್ಟ, ಸಂಸ್ಕರಿಸದ ಮೂಲ ಮಾಹಿತಿಯನ್ನು) ಕಂಪ್ಯೂಟರಿನಲ್ಲಿ ಬೆಳಗಿಸಿದರೆ ನಾಯ್ಸ್ ಕಡಿಮೆಯಾಗುವುದಿಲ್ಲವೇ?

ಉತ್ತರ:
ಇಲ್ಲ. ನಾಯ್ಸ್ ಹುಟ್ಟುವುದು ಮುಖ್ಯವಾಗಿ ಬೆಳಕಿನ ಕೊರತೆಯಿಂದ. ಸೆನ್ಸರ್‌ಗೆ ಬೀಳುವ ಬೆಳಕನ್ನು ಶಟರ್ ಮತ್ತು ಅಪರ್ಚರ್ ತೀರ್ಮಾನಿಸುತ್ತವೆ. ಐಎಸ್‌ಒ ಕೆಳಗಿಟ್ಟರೆ ಆ ಬೆಳಕೇನೂ ಹೆಚ್ಚುವುದಿಲ್ಲ. ಅನೇಕ ಈಚಿನ ಸೆನ್ಸರ್‌ಗಳಲ್ಲಿ ಎರಡು ದಾರಿಯಲ್ಲೂ ಫಲ ಹೆಚ್ಚುಕಡಿಮೆ ಒಂದೇ, ಕೆಲವು ಹಳೆಯವುಗಳಲ್ಲಿ ಹೀಗೆ ಎತ್ತಿದ ನೆರಳಿನಲ್ಲಿ ಪಟ್ಟಿಗಳು ಮೂಡುತ್ತವೆ. ಹೊಳೆಯುವ ಭಾಗಗಳು ಸುಡದೆ ಉಳಿಯುತ್ತವೆ ಎಂಬ ಲಾಭವೇನೋ ಇದೆ. ಆದರೆ ಜೀಪಿನಲ್ಲಿ ಕುಳಿತು ಪರದೆಯ ಮೇಲೆ ಕಪ್ಪು ಚಿತ್ರ ನೋಡುತ್ತಾ ಫೋಕಸ್ ಸರಿಯಿದೆಯೇ ಎಂದು ಹೇಗೆ ತಿಳಿಯುತ್ತೀರಿ?

ಪ್ರಶ್ನೆ ಕೇಳಿದವರು:
ಹುಲ್ಲಿನ ಮೇಲೆ ಫೋಕಸ್ ಕೂರುವುದಕ್ಕೆ ಏನು ಮಾಡಲಿ? ಇನ್ನೊಂದು: ಬೆಳಗ್ಗೆ ಎಲೆಗಳ ಸಂದಿಯಿಂದ ಬಿಸಿಲು ಬೀಳುವಾಗ ಹುಲಿಯ ಮೈ ಅರ್ಧ ಬಿಳಿ, ಅರ್ಧ ಕಪ್ಪಾಗುತ್ತದೆ.

ಉತ್ತರ:
ಹುಲ್ಲು ಅಡ್ಡವಿದ್ದಾಗ ಕಣ್ಣು ಗುರುತಿಸುವ ಸೌಲಭ್ಯವನ್ನು ನೆಚ್ಚಬೇಡಿ. ನಿರಂತರ ಫೋಕಸ್‌ನಲ್ಲಿ ಒಂದೇ ಸಣ್ಣ ಬಿಂದುವನ್ನು ಆರಿಸಿ, ಎಳೆಗಳ ನಡುವಿನ ಕಿಂಡಿಯಲ್ಲಿ ಕಣ್ಣಿನ ಮೇಲಿಡಿ. ಫೋಕಸ್ಸನ್ನು ಶಟರ್ ಗುಂಡಿಯಿಂದ ಬಿಡಿಸಿ ಹಿಂದಿನ ಗುಂಡಿಗೆ ಕೊಟ್ಟಿದ್ದರೆ, ಒಮ್ಮೆ ಕಣ್ಣು ಸಿಕ್ಕಿದ ಮೇಲೆ ಹೆಬ್ಬೆರಳು ತೆಗೆದು ಚಿತ್ರ ಕ್ಲಿಕ್ಕಿಸಬಹುದು. ಫೋಕಸ್ ಹುಲ್ಲಿಗೆ ಜಿಗಿಯುವುದಿಲ್ಲ.

ಚುಕ್ಕಿಬಿಸಿಲಿನಲ್ಲಿ ಮೊದಲು ಸುಡುವುದು ಹುಲಿಯ ಕೆನ್ನೆ ಮತ್ತು ಕಣ್ಣಿನ ಮೇಲಿನ ಬಿಳಿ ತುಪ್ಪಳ. ಅದಕ್ಕೆ ತಕ್ಕಂತೆ –0.7 ಅಥವಾ –1ಕ್ಕೆ ಇಳಿಸಿ, ನೆರಳನ್ನು ಆಮೇಲೆ ರಾ ಫೈಲಿನಲ್ಲಿ ಎತ್ತಿಕೊಳ್ಳಿ. ಮೇಲೆ ಬೇಡವೆಂದ ಉಪಾಯ ಇಲ್ಲಿ ಸರಿ, ಏಕೆಂದರೆ ಇಲ್ಲಿ ಬೆಳಕಿಗೆ ಬರವಿಲ್ಲ. ತೊಂದರೆಯೆಲ್ಲ ಬಿಸಿಲು ನೆರಳಿನ ಅಂತರದ್ದು. ಹುಲಿ ನಡೆದು ಬರುತ್ತಿದ್ದರೆ ದಾರಿಯಲ್ಲಿ ಮುಂದೆ ಎಲ್ಲಿ ನೆರಳು ಒಂದೇ ಸಮನಾಗಿದೆ ಎಂದು ನೋಡಿಟ್ಟುಕೊಂಡು ಅಲ್ಲಿಗೆ ಕಾಯಿರಿ. ಚಿತ್ರ ಉಳಿಯುವುದು ಹೆಚ್ಚಾಗಿ ಆ ಜಾಗದಲ್ಲೇ.

ಮೊದಲನೆಯ ಬಗೆಯ ಮಸುಕು ಬಂದರೆ ಚಾಲಕರಿಗೆ ಎಂಜಿನ್ ನಿಲ್ಲಿಸಲು ಹೇಳಿ, ಲೆನ್ಸನ್ನು ಬರಿಯ ಕಂಬಿಯ ಮೇಲಿಡದೆ ಕಾಳು ತುಂಬಿದ ಚೀಲದ, ಅಂದರೆ ಬೀನ್‌ಬ್ಯಾಗ್ ಮೇಲಿಡಿ. ಫ್ಲ್ಯಾಷ್ ಮಾತ್ರ ಖಂಡಿತ ಬೇಡ, ಬೆಳಕು ಎಷ್ಟೇ ಕಡಿಮೆಯಿರಲಿ.