ಹನ್ನೊಂದು ನಿಯಮ, ಒಂದು ಎಲ್‌ಬಿಡಬ್ಲ್ಯು

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಅರ್ಧ ವಾಕ್ಯ ಬರೆದರೆ ದೊಡ್ಡಪ್ಪ ಅದನ್ನು ತಿದ್ದಿ ಮತ್ತೆ ಗುಂಪಿಗೇ ಹಾಕುತ್ತಾರೆ. ನಿವೃತ್ತ ಮೇಷ್ಟ್ರ ಈ ಶಿಸ್ತಿನಿಂದಾಗಿ ಇಲ್ಲಿ ನಡೆಯುವ ಜಗಳಗಳೂ ಪತ್ರಿಕೆಯ ಸಂಪಾದಕರಿಗೆ ಬರೆದ ಕಾಗದಗಳಂತೆ ಕಾಣುತ್ತವೆ. ಕಳೆದ ಭಾನುವಾರ ಶ್ರೀಧರ ಮಾವ ಜೋಡಿ ಬಾಣದ ಗುರುತು ಹೊತ್ತ, ಅಂದರೆ ಊರೆಲ್ಲ ಸುತ್ತಿ ಬಂದ, ಸಂದೇಶವೊಂದನ್ನು ಹಾಕಿದರು. ‘ಸೊರಗುತ್ತಿರುವ ಆಟಗಳನ್ನು ಉಳಿಸಲು ಹನ್ನೊಂದು ಹೊಸ ನಿಯಮಗಳು, ಮುಂದಿನ ರುತುವಿನಿಂದಲೇ ಎಲ್ಲೆಡೆ ಜಾರಿ’ ಎಂಬುದು ಅದರ ತಲೆಬರಹ. ಅದರ ಕೆಳಗೆ ಮಾವ ತಮ್ಮದೇ ಮಾತು ಸೇರಿಸಿದ್ದರು: “ನಾನು ಹತ್ತು ವರ್ಷದಿಂದ ಬಡಿದುಕೊಂಡಿದ್ದು ಇದನ್ನೇ. ಫುಟ್‌ಬಾಲ್ ಮೈದಾನದಲ್ಲಿ ಬಿದ್ದು ಹೊರಳಾಡಿ ಹೊತ್ತು ಕಳೆಯುವವರ ಆಟ ಇನ್ನು ನಡೆಯುವುದಿಲ್ಲ.”

ಎರಡೇ ನಿಮಿಷದಲ್ಲಿ ಸುಮಕ್ಕನ ಉತ್ತರ ಬಂತು. “ಮಾವ, ಇದರ ಮೂಲ ಯಾವುದು? ಯಾವ ಸಂಸ್ಥೆ, ಯಾವ ದಿನ ಇದನ್ನು ತೀರ್ಮಾನಿಸಿತು ಎಂಬುದು ಎಲ್ಲಿಯೂ ಇಲ್ಲ. ಫುಟ್‌ಬಾಲ್ ನಿಯಮಗಳನ್ನು ತಿದ್ದುವ ಅಧಿಕಾರ 1886ರಲ್ಲಿ ಹುಟ್ಟಿದ ಐಎಫ್‌ಎಬಿ ಮಂಡಳಿಗೆ ಸೇರಿದ್ದು, ಅಲ್ಲಿನ 8 ಮತಗಳಲ್ಲಿ 6 ಬೀಳದೆ ಒಂದು ಗೆರೆಯೂ ಅಳಿಸುವುದಿಲ್ಲ. ಕ್ರಿಕೆಟ್ ಕಾನೂನುಗಳನ್ನು ಬರೆಯುವುದು ಎಂಸಿಸಿ, ಅಂತರರಾಷ್ಟ್ರೀಯ ಪಂದ್ಯಗಳ ಷರತ್ತುಗಳನ್ನು ಹಾಕುವುದು ಐಸಿಸಿ. ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್‌ಗಳ ಮನೆಗಳೇ ಬೇರೆ. ಇವರೆಲ್ಲ ಒಂದೇ ಚಾಪೆಯ ಮೇಲೆ ಕುಳಿತು ಹನ್ನೊಂದು ನಿಯಮ ಮಾಡಿ ಎದ್ದರೆಂದು ನಾನು ಹೇಗೆ ನಂಬಲಿ?”

“ನಾನು ಶುಭೋದಯ ಎಂದು ಬರೆದರೂ ಮೂಲ ಕೇಳುವವಳು ನೀನು,” ಎಂದರು ಮಾವ. “ಬೇಸ್‌ಬಾಲ್‌ನವರು ಗಡಿಯಾರ ತಂದು ಆಟವನ್ನು ಉಳಿಸಿಕೊಂಡಿದ್ದೂ ಸುಳ್ಳೇ ಹಾಗಾದರೆ?”

ಅದು ಸುಳ್ಳಲ್ಲ ಎಂದು ಸುಮಕ್ಕ ಒಪ್ಪಿಕೊಂಡಳು, ಆದರೆ ತನ್ನ ಧಾಟಿಯಲ್ಲಿ: “ಅದಕ್ಕೆ ತಾರೀಖಿದೆ, ಆದ್ದರಿಂದ ನಂಬುತ್ತೇನೆ. 2023ರಲ್ಲಿ ಅಮೆರಿಕದ ಮೇಜರ್ ಲೀಗ್ ಪಿಚರ್‌ಗೆ, ಅಂದರೆ ಚೆಂಡೆಸೆಯುವವನಿಗೆ, ಗಡಿಯಾರ ಕಟ್ಟಿತು. ಬೇಸ್‌ಗಳ ಮೇಲೆ ಓಟಗಾರರು ಯಾರೂ ಇಲ್ಲದಿದ್ದರೆ 15 ಸೆಕೆಂಡಿನೊಳಗೆ, ಇದ್ದರೆ 20 ಸೆಕೆಂಡಿನೊಳಗೆ ಅವನು ಎಸೆಯಬೇಕಿತ್ತು. ಹಿಂದಿನ ವರ್ಷ ಸರಾಸರಿ 3 ಗಂಟೆ 4 ನಿಮಿಷ ಎಳೆಯುತ್ತಿದ್ದ ಪಂದ್ಯ ಸುಮಾರು 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಆದರೆ ಅವರು ಅದನ್ನು ಮೊದಲು ಕಿರಿಯ ಲೀಗ್‌ಗಳಲ್ಲಿ ಆಡಿಸಿ ನೋಡಿದ್ದರು. ಭಾನುವಾರ ಬೆಳಿಗ್ಗೆ ಫಾರ್ವರ್ಡ್ ಮಾಡಿ ಸೋಮವಾರ ಜಾರಿಗೆ ತರಲಿಲ್ಲ.”

ಸುಮಕ್ಕ ಅಷ್ಟಕ್ಕೆ ನಿಲ್ಲಿಸುವವಳಲ್ಲ. ಅವಳ ಮುಂದಿನ ಸಂದೇಶ ಫೋನಿನ ಪರದೆಯನ್ನು ಎರಡು ಸಲ ತುಂಬುವಷ್ಟಿತ್ತು. ಬ್ಯಾಸ್ಕೆಟ್‌ಬಾಲ್‌ನಲ್ಲಿ, 1950ರ ನವೆಂಬರ್ 22ರಂದು ಫೋರ್ಟ್ ವೇನ್ ಪಿಸ್ಟನ್ಸ್ ತಂಡ ಮಿನಿಯಾಪೊಲಿಸ್ ಲೇಕರ್ಸ್ ಎದುರು ಬುಟ್ಟಿಯತ್ತ ಎಸೆಯುವ ಗೋಜಿಗೇ ಹೋಗದೆ ಚೆಂಡನ್ನು ತನ್ನವರಲ್ಲೇ ಇಟ್ಟುಕೊಂಡು 19–18ರಿಂದ ಗೆದ್ದಿತು. ಹೀಗೇ ನಡೆದರೆ ಟಿಕೆಟ್ ಕೊಳ್ಳುವವರೇ ಇರುವುದಿಲ್ಲ ಎಂಬ ಭಯ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಗೆ ಹತ್ತಿತು. ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್ ಒಂದು ಲೆಕ್ಕ ಹಾಕಿದ: ನೋಡಲು ಚೆನ್ನಾಗಿರುವ ಪಂದ್ಯದಲ್ಲಿ ಎರಡೂ ತಂಡಗಳು ಸೇರಿ ಸುಮಾರು 120 ಬಾರಿ ಬುಟ್ಟಿಗೆ ಎಸೆಯುತ್ತವೆ, 48 ನಿಮಿಷವೆಂದರೆ 2,880 ಸೆಕೆಂಡು, ಭಾಗಿಸಿದರೆ 24. ಹೀಗೆ 1954ರಲ್ಲಿ ಬಂದ, ಅಷ್ಟರೊಳಗೆ ಬುಟ್ಟಿಗೆ ಎಸೆಯಲೇಬೇಕೆನ್ನುವ 24 ಸೆಕೆಂಡಿನ ಗಡಿಯಾರ ಇಂದಿಗೂ ಇದೆ. “ಮಾವ, ಒಳ್ಳೆಯ ನಿಯಮದ ಹಿಂದೆ ಇಷ್ಟಾದರೂ ಗಣಿತ ಇರುತ್ತದೆ,” ಎಂದು ಅವಳು ಮುಗಿಸಿದಳು. ಎಲ್ಲದಕ್ಕೂ ಹೆಬ್ಬೆರಳು ಒತ್ತುವ ಅತ್ತೆ ಇದಕ್ಕೂ ಒತ್ತಿದರು.

ಆಗ ದೊಡ್ಡಪ್ಪ ಬಂದರು. ಅವರು ಓದಿದ್ದು ಆರನೆಯ ಅಂಶವನ್ನು ಮಾತ್ರ ಎಂದು ನನ್ನ ಅನುಮಾನ. ಕ್ರಿಕೆಟ್ ತೀರ್ಪನ್ನು ಯಂತ್ರದಿಂದ ಮರುಪರಿಶೀಲಿಸುವ ಡಿಆರ್‌ಎಸ್‌ನಲ್ಲಿ ‘ಅಂಪೈರ್ಸ್ ಕಾಲ್’ ಎಂಬುದನ್ನು ತೆಗೆದುಹಾಕಬೇಕು, ಚೆಂಡು ಸ್ಟಂಪಿಗೆ ಕೂದಲೆಳೆಯಷ್ಟು ತಾಗಿದರೂ ಔಟ್ ಎನ್ನಬೇಕು ಎಂದು ಅಲ್ಲಿತ್ತು. “ಇದು ಹಿರಿಯರಿಗೆ ಮರ್ಯಾದೆ ಇಲ್ಲದ ಕಾಲದ ಲಕ್ಷಣ,” ಎಂದು ಅವರು ಆರಂಭಿಸಿದರು. “ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗ ಸ್ಟಂಪಿಗೆ ತಾಗುತ್ತದೆಂದು ಯಂತ್ರ ತೋರಿಸಿದಾಗ ಮೈದಾನದಲ್ಲಿ ನಿಂತವನ ತೀರ್ಪೇ ಉಳಿಯುವುದು ನ್ಯಾಯ, ಪ್ಯಾಡಿಗೆ ಬಡಿದ ಮೇಲಿನ ಚೆಂಡಿನ ದಾರಿಯನ್ನು ಯಂತ್ರವೂ ಅಂದಾಜಿನಿಂದಲೇ ಎಳೆಯುತ್ತದೆ. ನಿಯಮ ಎಂಬುದು ಆಟ ಶುರುವಾಗುವ ಮುನ್ನ ಎರಡೂ ಕಡೆಯವರು ಒಪ್ಪಿಕೊಂಡ ಮಾತು. ನಡುವೆ ಅದನ್ನು ತಿರುಚುವವನು ಆಟಗಾರನೂ ಅಲ್ಲ, ಸಜ್ಜನನೂ ಅಲ್ಲ. ಶ್ರೀಧರ, ನಿನ್ನ ಸಂದೇಶದಲ್ಲಿ ‘ಋತು’ ಎಂಬುದನ್ನು ‘ರುತು’ ಎಂದು ಬರೆದಿದೆ, ಗಮನಿಸು.”

ಇಲ್ಲಿಯವರೆಗೆ ಚರ್ಚೆ ನಿಯಮಗಳ ಸುತ್ತಲೇ ಇತ್ತು. ಗಿರೀಶಣ್ಣ ಬಾಯಿಬಿಟ್ಟ ಮೇಲೆ ಹಳಿ ತಪ್ಪಿತು.

“ದೊಡ್ಡಪ್ಪ, ಈ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ಸುಮ್ಮನಿರುತ್ತಿದ್ದೆ,” ಎಂದು ಅವನು ಬರೆದ. “ನಮ್ಮ ಹಿತ್ತಲಿನ ಕ್ರಿಕೆಟ್ಟಿನಲ್ಲಿ ಒಮ್ಮೆ ಪುಟಿದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದರೆ ಔಟ್, ಗೋಡೆಯಾಚೆ ಹೊಡೆದರೆ ಔಟ್, ಹೊಡೆದವನೇ ಹೋಗಿ ಚೆಂಡು ತರಬೇಕು ಎಂದೆಲ್ಲ ಇತ್ತು. ಸ್ಟಂಪಿಗೆ ತಾಗಬೇಕಿದ್ದ ಚೆಂಡನ್ನು ಕಾಲು ತಡೆದರೆ ಔಟ್ ಎನ್ನುವ ಎಲ್‌ಬಿಡಬ್ಲ್ಯು ಮಾತ್ರ ಇರಲೇ ಇಲ್ಲ, ಏಕೆಂದರೆ ಸ್ಟಂಪಿನ ಜಾಗದಲ್ಲಿದ್ದ ಬಕೆಟ್ಟು ನನ್ನ ಮೊಣಕಾಲಿನಷ್ಟೇ ಎತ್ತರವಿತ್ತು. ಆ ರಜೆಯ ಕೊನೆಯ ದಿನ, ಗೆಲ್ಲಲು ಮೂರು ರನ್ ಬೇಕಿದ್ದಾಗ, ಅಂಪೈರ್ ಆಗಿದ್ದ ನೀವು ಕುರ್ಚಿಯಿಂದ ಏಳದೆಯೇ ನನಗೆ ಎಲ್‌ಬಿಡಬ್ಲ್ಯು ಎಂದು ಬೆರಳೆತ್ತಿದಿರಿ. ಬೌಲರ್ ಶ್ರೀಧರ ಮಾವ ಕೂಡ ಅಪೀಲು ಮಾಡಿರಲಿಲ್ಲ.”

“ನಾನು ಅಪೀಲು ಮಾಡಿದ್ದೆ,” ಎಂದರು ಮಾವ. ಕ್ರಿಕೆಟ್ ಕಾನೂನಿನ ಪ್ರಕಾರ ಅಪೀಲು ಮಾಡದೆ ಅಂಪೈರ್ ಔಟ್ ಕೊಡುವಂತಿಲ್ಲವಾದ್ದರಿಂದ ಇದು ಸಣ್ಣ ವಿಷಯವೇನಲ್ಲ.

ಆ ಹೊತ್ತಿಗೆ ನಾನು ಹನ್ನೊಂದೂ ಅಂಶಗಳನ್ನು ಓದಿ ಮುಗಿಸಿದ್ದೆ. ಗುಂಪಿನಲ್ಲಿ ಹಾಗೆ ಮಾಡಿದವನು ನಾನೊಬ್ಬನೇ ಇರಬೇಕು. ಮೊದಲನೆಯ ಅಂಶದ, ಫುಟ್‌ಬಾಲ್‌ಗೆ ತಲಾ 30 ನಿಮಿಷದ ಎರಡು ಅವಧಿ, ಆಟ ನಿಂತಾಗ ಗಡಿಯಾರವೂ ನಿಲ್ಲುವುದು ಎಂಬುದನ್ನು ಐಎಫ್‌ಎಬಿ 2017ರಲ್ಲೇ ಚರ್ಚೆಗೆ ಇಟ್ಟಿತ್ತು. ಗೋಲ್‌ಕೀಪರ್ ಎಂಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಚೆಂಡು ಹಿಡಿದಿಟ್ಟರೆ ಎದುರಾಳಿಗೆ ಕಾರ್ನರ್ ಎಂಬ ನಾಲ್ಕನೆಯದು 2025ರಿಂದ ಜಾರಿಯಲ್ಲೇ ಇದೆ. ಏಕದಿನ ಮತ್ತು ಟಿ20 ಪಂದ್ಯಗಳಲ್ಲಿ ಓವರ್‌ಗಳ ನಡುವೆ 60 ಸೆಕೆಂಡಿನ ಗಡಿಯಾರವಿಟ್ಟು, ಎರಡು ಎಚ್ಚರಿಕೆಯ ನಂತರ 5 ರನ್ ದಂಡ ಹಾಕಬೇಕು ಎಂಬ ಎಂಟನೆಯದನ್ನು ಐಸಿಸಿ 2024ರಲ್ಲೇ ಖಾಯಂ ಮಾಡಿದೆ. ಆದರೆ ಒಂಬತ್ತನೆಯದನ್ನು ಓದಿದಾಗ ನಗು ತಡೆಯಲಾಗಲಿಲ್ಲ: ‘ಫುಟ್‌ಬಾಲ್‌ನಲ್ಲಿ ಲೀಗ್ ಹಂತದಲ್ಲೂ ಡ್ರಾ ಬೇಡ, ಹೆಚ್ಚುವರಿ ಸಮಯದ ಗೋಲಿಗೆ ಎರಡು ಗೋಲಿನ ಬೆಲೆ ಕೊಡಿ.’

ಇದನ್ನು ಜಗತ್ತು ಆಗಲೇ ಅನುಭವಿಸಿಯಾಗಿದೆ ಎಂದು ನಾನು ವಿವರವಾಗಿ ಬರೆದೆ. 1994ರ ಕೆರಿಬಿಯನ್ ಕಪ್ ಅರ್ಹತಾ ಪಂದ್ಯದಲ್ಲಿ ಬಾರ್ಬಡೋಸ್ ತಂಡಕ್ಕೆ ಮುಂದಿನ ಸುತ್ತಿಗೆ ಹೋಗಲು ಎರಡು ಗೋಲುಗಳ ಅಂತರದ ಗೆಲುವು ಬೇಕಿತ್ತು. ಬಾರ್ಬಡೋಸ್ 2–0 ಮುಂದಿದ್ದಾಗ, 83ನೆಯ ನಿಮಿಷದಲ್ಲಿ ಎದುರಾಳಿ ಗ್ರೆನಡಾ ಒಂದು ಗೋಲು ಹೊಡೆಯಿತು. ಉಳಿದ ಕೆಲವೇ ನಿಮಿಷಗಳಲ್ಲಿ ಮತ್ತೊಂದು ಗೋಲು ಹೊಡೆಯುವುದು ಕಷ್ಟ, ಆದರೆ ಪಂದ್ಯ ಸಮವಾದರೆ ಹೆಚ್ಚುವರಿ ಸಮಯ ಸಿಗುತ್ತದೆ, ಅಲ್ಲಿ ಒಂದು ಗೋಲಿಗೆ ಎರಡರ ಬೆಲೆ. ಬಾರ್ಬಡೋಸ್‌ನವರು ತಿರುಗಿ ನಿಂತು 87ನೆಯ ನಿಮಿಷದಲ್ಲಿ ತಮ್ಮದೇ ಬಲೆಗೆ ಚೆಂಡನ್ನು ಒದ್ದರು. ಸಂಚು ಅರ್ಥವಾದ ಗ್ರೆನಡಾದವರಿಗೆ ಆಗ ಯಾವ ಕಡೆಯ ಬಲೆಗೆ ಹೊಡೆದರೂ ಲಾಭವೇ, ಏಕೆಂದರೆ ಒಂದೇ ಗೋಲಿನಿಂದ ಸೋತರೂ ಅವರು ಮುಂದಕ್ಕೆ ಹೋಗುತ್ತಿದ್ದರು. ಹಾಗಾಗಿ ಬಾರ್ಬಡೋಸ್ ಆಟಗಾರರು ಮೈದಾನದ ಎರಡೂ ತುದಿಗಳಲ್ಲಿ ಹಂಚಿಕೊಂಡು ನಿಂತು, ಎದುರಾಳಿಯ ಗೋಲನ್ನೂ ತಾವೇ ಕಾದರು. ಹೆಚ್ಚುವರಿ ಸಮಯದಲ್ಲಿ ಒಂದು ಗೋಲು ಹೊಡೆದು 4–2ರಿಂದ ಗೆದ್ದು ಮುಂದೆ ಹೋದರು. ನಿಯಮ ಬರೆದವನಿಗೆ ಆಟ ರಂಜಿಸಬೇಕಿತ್ತು, ಆಡಿದವರಿಗೆ ಮುಂದಿನ ಸುತ್ತು ಬೇಕಿತ್ತು. ಅವರು ಒಂದು ನಿಯಮವನ್ನೂ ಮುರಿಯಲಿಲ್ಲ.

ಇಷ್ಟನ್ನು ಬರೆದು ಕಳಿಸಲು ನನಗೆ ಹದಿನೈದು ನಿಮಿಷ ಹಿಡಿಯಿತು. ಅತ್ತೆಯ ಹೆಬ್ಬೆರಳು ತಕ್ಷಣ ಬಂತು. ಮಾವ ಮಾತ್ರ, “ಹಾಗಾದರೆ ನಾನು ಸುಳ್ಳು ಹಬ್ಬಿಸುತ್ತೇನೆ ಎನ್ನುವುದು ನಿನ್ನ ಅಭಿಪ್ರಾಯವೇ?” ಎಂದು ಕೇಳಿದರು.

ನಾನು ಉತ್ತರಿಸುವ ಮೊದಲೇ ಸುಮಕ್ಕ, 2019ರ ಕ್ರಿಕೆಟ್ ವಿಶ್ವಕಪ್ ಫೈನಲ್ ರಾತ್ರಿ ‘ಕಪ್ಪನ್ನು ಎರಡೂ ತಂಡಗಳಿಗೆ ಹಂಚಿದ್ದಾರೆ’ ಎಂದು ಇದೇ ಗುಂಪಿಗೆ ಸುದ್ದಿ ಹಾಕಿದವರು ಯಾರು ಎಂದು ನೆನಪಿಸಿದಳು. ಎರಡೂ ಕಡೆ 241 ರನ್, ತೀರ್ಮಾನಕ್ಕಾಗಿ ಆಡಿಸಿದ ಸೂಪರ್ ಓವರ್‌ನಲ್ಲೂ 15–15, ಕೊನೆಗೆ ಇಂಗ್ಲೆಂಡಿನ 26 ಬೌಂಡರಿಗಳ ಎದುರು ನ್ಯೂಜಿಲೆಂಡಿನ 17 ಎಂದು ಕಪ್ಪು ಒಬ್ಬರ ಪಾಲಾಗಿತ್ತು. “ಅದೇ ಅಕ್ಟೋಬರ್‌ನಲ್ಲಿ ಐಸಿಸಿ ಬೌಂಡರಿ ಎಣಿಸುವುದನ್ನು ಕೈಬಿಟ್ಟಿತಲ್ಲ!” ಎಂದರು ಮಾವ. “ನನ್ನ ಸುದ್ದಿ ತಪ್ಪಾಗಿರಬಹುದು, ನ್ಯಾಯ ನನ್ನ ಕಡೆಗಿತ್ತು.” ಈ ವಾದಕ್ಕೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಗಿರೀಶಣ್ಣ ತನ್ನ ಅರ್ಜಿಯನ್ನು ಬಿಟ್ಟಿರಲಿಲ್ಲ. ಬೌಂಡರಿ ಲೆಕ್ಕ ತಪ್ಪೆಂದು ಐಸಿಸಿಯೇ ನಿಯಮ ಬದಲಿಸಬಹುದಾದರೆ, ಇಪ್ಪತ್ತೇಳು ವರ್ಷದ ಹಿಂದಿನ ಎಲ್‌ಬಿಡಬ್ಲ್ಯುವನ್ನು ಈ ಗುಂಪು ಮರುಪರಿಶೀಲಿಸಬೇಕು ಎಂಬುದು ಅವನ ಬೇಡಿಕೆ.

“ಎಲ್‌ಬಿಡಬ್ಲ್ಯು ಇರಲಿಲ್ಲ ಎಂಬುದಕ್ಕೆ ಮೂಲ ಯಾವುದು?” ಎಂದು ಸುಮಕ್ಕ ಕೇಳಿದಳು.

“ಗೋಡೆಯ ಮೇಲೆ ಇದ್ದಿಲಿನಲ್ಲಿ ಎಲ್ಲ ನಿಯಮಗಳನ್ನೂ ಬರೆದಿದ್ದೆವು. ಮಾರನೆಯ ವಾರ ದೊಡ್ಡಪ್ಪ ಅದಕ್ಕೆ ಸುಣ್ಣ ಹೊಡೆಸಿದರು.”

ಗುಂಪು ಸ್ತಬ್ಧವಾಯಿತು. ದೊಡ್ಡಪ್ಪ ಏನನ್ನೋ ಟೈಪಿಸುತ್ತಿದ್ದಾರೆ ಎಂದು ಫೋನು ತೋರಿಸಿತು, ನಿಲ್ಲಿಸಿತು, ಮತ್ತೆ ತೋರಿಸಿತು. ಐದಾರು ನಿಮಿಷವಾದ ಮೇಲೆ ಅವರ ಸಂದೇಶ ಬಂತು.

“ಅಂಪೈರ್ಸ್ ಕಾಲ್.”

“ದೊಡ್ಡಪ್ಪ,” ಎಂದು ಸುಮಕ್ಕ ಬರೆದಳು, “ಇದು ಪೂರ್ಣ ವಾಕ್ಯವಲ್ಲ.”