ಅಪ್‌ಡೇಟ್: ಹಿಮ ಬೀಳುವ ಕಡೆ ಯಕ್ಕಾ ರೋಸ್ಟ್ರಾಟಾ

ನನ್ನ ಆಳೆತ್ತರದ ಯಕ್ಕಾದ (ಚೂಪು ಎಲೆಗಳ ಮರುಭೂಮಿ ಗಿಡ) ಸುಳಿ ಚಳಿಗಾಲದಲ್ಲಿ ಮೆತ್ತಗಾಗುತ್ತಿದೆ, ಏನು ಮಾಡಲಿ ಎಂದು ಹಿಂದೆ ಇಲ್ಲಿ ಕೇಳಿದ್ದೆನಲ್ಲ, ಗಿಡ ಬದುಕಿದೆ! ಫಲ ಕೊಟ್ಟಿದ್ದು ಮೇಲೊಂದು ಮಾಡು ಕಟ್ಟುವ ಸಲಹೆ. ನಾಲ್ಕು ಗೂಟ, ಮೇಲೆ ಪಾರದರ್ಶಕ ಶೀಟು, ಸುತ್ತ ಗಾಳಿಗೆ ಪೂರಾ ತೆರೆದಿದೆ. ಬುಡದ ಒದ್ದೆ ಮಣ್ಣು ಕೆರೆದು ಜಲ್ಲಿ ತುಂಬಿದೆ. ಸುಳಿ ಈಗ ಗಟ್ಟಿ. ಪ್ಲಾಸ್ಟಿಕ್ ಸುತ್ತುವುದು ಮಾತ್ರ ಬೇಡ. ಮೊದಲು ಹಾಗೆ ಸುತ್ತಿದಾಗ ಒಳಗೆಲ್ಲ ನೀರು ಬೆವರಿ ಕೊಳೆ ಜಾಸ್ತಿಯಾಯಿತು.

ಆಶ್ಚರ್ಯ ಅಂದ್ರೆ, ಇದಕ್ಕೆ ಚಳಿಗಿಂತ ಒದ್ದೆಯೇ ಶತ್ರು. ಟೆಕ್ಸಾಸ್, ಉತ್ತರ ಮೆಕ್ಸಿಕೋ ಕಡೆಯ ಚಿಹುವಾಹುವಾ ಮರುಭೂಮಿಯ ಗಿಡವಿದು. ಅಲ್ಲೂ ರಾತ್ರಿ ಹೆಪ್ಪುಗಟ್ಟುವ ಚಳಿ ಇದೆ, ಆದರೆ ಚಳಿಗಾಲ ಒಣ. ಬುಡ ಒಣಗಿದ್ದರೆ ಮೈನಸ್ 15 ಡಿಗ್ರಿಯನ್ನೂ ತಡೆಯುತ್ತದೆ. ಕಾಂಡಕ್ಕೆ ಜೋತ ಒಣ ಎಲೆಗಳನ್ನು ಸುಮ್ನೆ ಅಂದಕ್ಕೆಂದು ಕತ್ತರಿಸಬೇಡಿ, ಅವು ಕಾಂಡಕ್ಕೆ ಕಂಬಳಿ ಇದ್ದಂತೆ. ಮಾಡನ್ನು ಹಿಮ ಕರಗಿದ ಮೇಲೆಯೇ ತೆಗೆಯುತ್ತೇನೆ.