ತಿಂಗಳಿಗೆ 5000 ಇದ್ದರೆ ಬೂಸ್ಟ್ ಮಾಡುವುದಾ, ವಾಟ್ಸಾಪ್‌ನಲ್ಲೇ ಸಾಕಾ? ಅನುಭವ ಇದ್ದವರು ಹೇಳಿ

ಬದಿಯಡ್ಕ, ಮನೆ ತಿಂಡಿ (ಪ್ರಶ್ನೆ)
ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಪುನರ್ಪುಳಿ (ಕೋಕಂ) ಶರಬತ್ತು, ಮೂರೇ ಐಟಂ. ನಮ್ಮದು ಗಡಿಯ ಕಾಸರಗೋಡು ಜಿಲ್ಲೆ, ಕೇರಳದ ಕಡೆ. ವಾಟ್ಸಾಪ್ ಸ್ಟೇಟಸ್ ನೋಡಿ ಆರ್ಡರ್ ಬರುತ್ತದೆ. ಹೆಚ್ಚಿನವರು ಮಂಗಳೂರು, ಪುತ್ತೂರು, ಬೆಂಗಳೂರಿನವರು. ತಿಂಗಳಿಗೆ 5000 ರೂಪಾಯಿ ಜಾಹೀರಾತಿಗೆ ಇಡಬಹುದು. ಇನ್‌ಸ್ಟಾಗ್ರಾಮ್ ಬೂಸ್ಟ್ ಮಾಡುವುದಾ (ದುಡ್ಡು ಕೊಟ್ಟು ಪೋಸ್ಟನ್ನು ಹೆಚ್ಚು ಜನರಿಗೆ ತೋರಿಸುವುದು), ಬರೀ ರೀಲ್ಸ್ ಸಾಕಾ? ಮಾತು ಯಾವ ಭಾಷೆಯಲ್ಲಿ ಇರಬೇಕು? ಮಾಡಿದವರು ಹೇಳಿ.

ಪೆರ್ಲ, ಹಪ್ಪಳ–ಉಪ್ಪಿನಕಾಯಿ
ಬೂಸ್ಟ್ ಬದಿಗಿರಲಿ ಅಕ್ಕ, ಮೊದಲು ಪೆಟ್ಟಿಗೆ ಅಳೆಯಿರಿ. ಕೊರಿಯರಿನವರು ತೂಕ ಮಾತ್ರ ನೋಡುವುದಲ್ಲ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ ಹೆಚ್ಚಾಗಿ 5000ದಿಂದ ಭಾಗಿಸುತ್ತಾರೆ. ಹಾಗೆ ಬಂದ ಕೆಜಿ, ನಿಜವಾದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಹಪ್ಪಳದ ಕಟ್ಟು ಒಂದು ಕೆಜಿ ಇರಬಹುದು, 25×25×20ರ ಪೆಟ್ಟಿಗೆಗೆ ಹಾಕಿದಿರೋ, ಬಿಲ್ ಆಗುವುದು ಎರಡೂವರೆ ಕೆಜಿಗೆ. ಹಪ್ಪಳದ ಅಡ್ಡಗಲಕ್ಕೆ ಸರಿಯಾಗಿ ಪೆಟ್ಟಿಗೆ ಮಾಡಿಸದೆ ಜಾಹೀರಾತು ಕೊಟ್ಟರೆ ಆರ್ಡರ್ ಹೆಚ್ಚಾದಷ್ಟೂ ನಷ್ಟ.

ಮಿಡಿಯ ಕಥೆ ಇನ್ನೂ ಕಷ್ಟ. ಗಾಜಿನ ಭರಣಿ ಬೇಡ. ಪ್ಲಾಸ್ಟಿಕ್ ಜಾರ್, ಬಾಯಿಗೆ ಇಂಡಕ್ಷನ್ ಸೀಲ್ (ಬಿಸಿಯಿಂದ ಅಂಟಿಸುವ ಫಾಯಿಲ್), ಮೇಲೆ ಮುಚ್ಚಳ, ಮುಚ್ಚಳದ ಸುತ್ತ ಟೇಪ್, ಆಮೇಲೆ ದಪ್ಪ ಕವರ್. ಬಾಯಿವರೆಗೆ ತುಂಬಿಸಬೇಡಿ, ಎರಡು ಬೆರಳು ಖಾಲಿ ಬಿಡಿ. ಮಿಡಿ ಒಳಗೆ ಹುಳಿ ಬಂದರೆ ಗ್ಯಾಸ್ ಎದ್ದು ಸೀಲ್ ಉಬ್ಬುತ್ತದೆ, ಉಪ್ಪುನೀರು ಇಳಿಯುತ್ತದೆ. ಆ ನೀರು ವಿಳಾಸದ ಚೀಟಿಗೆ ತಾಗಿದರೆ ಶಾಯಿ ಹೋಗಿ ಪಾರ್ಸೆಲ್ ವಾಪಸ್. ಚೀಟಿಯ ಮೇಲೂ ಪಾರದರ್ಶಕ ಟೇಪ್ ಹಾಕಿ. ಕ್ಯಾಶ್ ಆನ್ ಡೆಲಿವರಿ ಇಟ್ಟುಕೊಂಡರೆ ಹೋಗುವ, ಬರುವ ಎರಡೂ ಬಾಡಿಗೆ ನಿಮ್ಮ ತಲೆಗೆ. ಮುಂಗಡ ಯುಪಿಐ ಮಾತ್ರ, ಅದೂ ಬ್ಯಾಂಕಿನಲ್ಲಿ ಜಮಾ ಆದದ್ದು ನೋಡಿ. ಸ್ಕ್ರೀನ್‌ಶಾಟ್ ನಂಬಿ ಮಾಲು ಕಳಿಸಬೇಡಿ.

ಉಪ್ಪಳ, ಬಟ್ಟೆ ಅಂಗಡಿ
ಪ್ರಶ್ನೆ ಜಾಹೀರಾತಿನದ್ದು, ಉತ್ತರ ಪೆಟ್ಟಿಗೆಯದ್ದು. ಅಕ್ಕ, ಬೂಸ್ಟ್ ಗುಂಡಿ ಒತ್ತುವುದು ಬೇಡ, ಆದರೆ ಜಾಹೀರಾತು ಖಂಡಿತ ಬೇಕು. ಕಂಪ್ಯೂಟರಿನಲ್ಲಿ ಆ್ಯಡ್ಸ್ ಮ್ಯಾನೇಜರ್ (ಇನ್‌ಸ್ಟಾಗ್ರಾಮಿನ ಕಂಪೆನಿ ಮೆಟಾದ ಜಾಹೀರಾತು ಪುಟ) ತೆರೆದು ಗುರಿ ‘ಎಂಗೇಜ್‌ಮೆಂಟ್’, ಜನ ಬರುವ ಜಾಗ ವಾಟ್ಸಾಪ್ ಅಂತ ಕೊಡಿ. ಬೂಸ್ಟ್ ಗುಂಡಿಯಲ್ಲಿ ಗುರಿ ನೋಡದೆ ಒತ್ತುವವರೇ ಹೆಚ್ಚು, ದುಡ್ಡು ಪ್ರೊಫೈಲ್ ನೋಡಿ ಹೋಗುವವರ ಮೇಲೆ ಕರಗುತ್ತದೆ.

ಲೆಕ್ಕ ಸರಿಯಾಗಿ ಕೇಳಿ. ನಿಮ್ಮ 5000ದಲ್ಲಿ 18% ಜಿಎಸ್‌ಟಿ ಕಳೆದರೆ ಉಳಿಯುವುದು 4237. ಅದನ್ನು 30 ದಿನಕ್ಕೆ ಹಂಚಿದರೆ ದಿನಕ್ಕೆ 141, ಮೂರು ಆ್ಯಡ್ ಸೆಟ್ (ಒಂದೊಂದಕ್ಕೂ ಬೇರೆ ಬಜೆಟ್, ಬೇರೆ ಜನ ಇಡುವ ಗುಂಪು) ಮಾಡಿದರೆ ತಲಾ 47. ಒಂದು ಆ್ಯಡ್ ಸೆಟ್‌ಗೆ ವಾರದಲ್ಲಿ ಸುಮಾರು 50 ಫಲಿತಾಂಶ (ನಿಮಗೆ ಅಂದರೆ ಮೆಸೇಜ್) ಸಿಕ್ಕಿದರೆ ಮಾತ್ರ ಅದು ಕಲಿಕೆಯ ಹಂತ (ಯಾರಿಗೆ ತೋರಿಸಬೇಕು ಅಂತ ಮೆಟಾ ಕಲಿಯುವ ಸಮಯ) ದಾಟುವುದು. 47 ರೂಪಾಯಿಯಲ್ಲಿ ಎಲ್ಲಿಂದ ದಾಟುತ್ತದೆ? ಒಂದೇ ಆ್ಯಡ್ ಸೆಟ್, ಹತ್ತು ದಿನ, ದಿನಕ್ಕೆ 420. ಮಧ್ಯದಲ್ಲಿ ವಿಡಿಯೊ ಬದಲಿಸಿದರೆ, ಬಜೆಟ್ ಒಮ್ಮೆಲೇ ಏರಿಸಿದರೆ ಕಲಿಕೆ ಪುನಃ ಸುರುವಿನಿಂದ. ಕೈ ಕಟ್ಟಿ ಕೂರಬೇಕು.

ಸ್ಥಳ ಹಾಕುವಲ್ಲಿ ಗಡಿಯವರಿಗೆ ದೊಡ್ಡ ಪೆಟ್ಟು. ಬದಿಯಡ್ಕಕ್ಕೆ ಪಿನ್ ಹಾಕಿ ದೊಡ್ಡ ವೃತ್ತ ಎಳೆದರೆ ಕಾಸರಗೋಡು ಪೇಟೆ, ಕಾಞಂಗಾಡು ಕಡೆ ಎಲ್ಲ ಬಂತು, ದುಡ್ಡು ಅಲ್ಲೇ ಮುಗಿಯಿತು. ಪಿನ್ ಪುತ್ತೂರು, ಮಂಗಳೂರಿಗೆ ಹಾಕಿ, ಕಾಸರಗೋಡನ್ನು ಬೇಕಾದರೆ ಹೊರಗಿಡಿ. ಬೆಂಗಳೂರು ಬೇರೆ ತಿಂಗಳಿಗೆ.

ಕುಂಬಳೆ, ಬೇಕರಿ
ಎಲ್ಲರೂ ಇನ್‌ಸ್ಟಾಗ್ರಾಮ್ ಅಂತೀರಿ, ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್ ಮ್ಯಾಪ್‌ನಲ್ಲಿ ಕಾಣುವ ಅಂಗಡಿಯ ಪುಟ) ಯಾರ ಬಾಯಲ್ಲೂ ಇಲ್ಲ. ಅದಕ್ಕೆ ಒಂದು ಪೈಸೆ ಕೊಡಬೇಕಾಗಿಲ್ಲ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೋಗುವವರು ‘ಹತ್ತಿರದ ಬೇಕರಿ’ ಅಂತ ಹುಡುಕುವುದು ಅಲ್ಲಿಯೇ. ಹೆಸರಿನ ಜಾಗದಲ್ಲಿ ಬೋರ್ಡಿನಲ್ಲಿ ಇದ್ದ ಹೆಸರು ಮಾತ್ರ ಹಾಕಿ. ‘ಬೆಸ್ಟ್ ಬೇಕರಿ ಕುಂಬಳೆ ಕೇಕ್ ಹೋಂ ಡೆಲಿವರಿ’ ಅಂತ ಬಾಲ ಸೇರಿಸಿದರೆ ಪ್ರೊಫೈಲ್ ಅಮಾನತು ಆಗಬಹುದು, ಆಮೇಲೆ ಮೇಲ್ಮನವಿ, ದಾಖಲೆ, ಕಾಯುವುದು. ದೃಢೀಕರಣಕ್ಕೆ ವಿಡಿಯೊ ಕೇಳಿದರೆ ಬೀದಿ, ಬೋರ್ಡು, ಶಟರ್ ತೆಗೆಯುವುದು, ಒಳಗಿನ ಬಿಲ್ಲಿಂಗ್ ಮೇಜು ಎಲ್ಲ ಒಂದೇ ಓಟದಲ್ಲಿ ತೋರಿಸಬೇಕು, ತುಂಡು ತುಂಡು ಮಾಡಿ ಜೋಡಿಸಿದ್ದು ಆಗುವುದಿಲ್ಲ. ‘ರಿವ್ಯೂ ಹಾಕಿದರೆ 10% ಕಡಿತ’ ಅಂತ ಚೀಟಿ ಅಂಟಿಸುವುದೂ ನಿಯಮಕ್ಕೆ ವಿರುದ್ಧ. ಪ್ರೊಫೈಲ್‌ನಲ್ಲಿದ್ದ ಚಾಟ್ 2024ರ ಜುಲೈಯಲ್ಲಿ ನಿಂತಿತು. ಹಳೇ ಯೂಟ್ಯೂಬ್ ವಿಡಿಯೊ ನೋಡಿ ಆ ಗುಂಡಿ ಹುಡುಕಬೇಡಿ.

ಪೆರ್ಲ, ಹಪ್ಪಳ–ಉಪ್ಪಿನಕಾಯಿ
ಬೇಕರಿಯವರೇ, ಅವರದ್ದು ಮನೆಯಲ್ಲಿ ಮಾಡುವ ತಿಂಡಿ. ಬೋರ್ಡು ಎಲ್ಲಿಂದ, ಶಟರ್ ಎಲ್ಲಿಂದ? ಮತ್ತೆ ಉಪ್ಪಳದವರೇ, ದಿನಕ್ಕೆ 420 ಸುಟ್ಟರೆ ಬರುವ ಮೆಸೇಜಿನಲ್ಲಿ ಹೆಚ್ಚಿನದ್ದು ‘ರೇಟ್ ಎಷ್ಟು’ ಅಂತ ಕೇಳಿ ಮಾಯವಾಗುವವರದ್ದು. ಮೆಸೇಜಿಗೆ ಬಿದ್ದ ಖರ್ಚು ಹೇಳಬೇಡಿ, ಮಾರಿದ ಕಟ್ಟಿಗೆ ಬಿದ್ದ ಖರ್ಚು ಹೇಳಿ. ಒಂದು ಮೆಸೇಜಿಗೆ 20 ಬಿದ್ದು, ಹತ್ತರಲ್ಲಿ ಒಬ್ಬ ಕೊಂಡರೆ ಆ ಕಟ್ಟಿನ ಮೇಲೆ 200 ಜಾಹೀರಾತು ಖರ್ಚು. ಹಪ್ಪಳದಲ್ಲಿ ಅಷ್ಟು ಮಾರ್ಜಿನ್ ಉಂಟಾ?

ಉಪ್ಪಳ, ಬಟ್ಟೆ ಅಂಗಡಿ
ಬೆಲೆ ಜಾಹೀರಾತಿನಲ್ಲೇ ಬರೆದರೆ ‘ರೇಟ್ ಎಷ್ಟು’ ಯಾಕೆ ಬರುತ್ತದೆ ಮಾರಾಯ್ರೇ? ಬೆಲೆ, ಕೊರಿಯರ್ ಖರ್ಚು, ಕನಿಷ್ಠ ಆರ್ಡರ್, ಮೂರೂ ವಿಡಿಯೊದ ಮೇಲೆಯೇ ಇರಬೇಕು. ಬಂದವರ ನಂಬರಿಗೆ ಲೇಬಲ್ ಹಾಕಿ ಇಟ್ಟುಕೊಳ್ಳಿ. ಎರಡನೇ ಸಲ ಕೊಳ್ಳುವವನಿಗೆ ಜಾಹೀರಾತು ಖರ್ಚು ಸೊನ್ನೆ. ಮೊದಲ ಕಟ್ಟಿಗೇ ಲಾಭ ಹುಡುಕುವವರು ಈ ಕೆಲಸಕ್ಕೆ ಇಳಿಯಲೇಬಾರದು.

ಕಾಸರಗೋಡು ಪೇಟೆ, ಕೈಮಗ್ಗದ ಸೀರೆ
ಭಾಷೆಯ ಮಾತು ಯಾರೂ ಎತ್ತಲಿಲ್ಲ. ನನ್ನ ರೀಲ್ ನೋಡುವವರಲ್ಲಿ ಹೆಚ್ಚಿನವರು ಹತ್ತಿರದವರು, ಅವರು ಮಲಯಾಳ ನೋಡುವವರು. ಕಾಸರಗೋಡು ಸೀರೆಗೆ ಜಿಐ ಗುರುತು (ಊರಿನ ವಿಶೇಷ ಉತ್ಪನ್ನ ಅಂತ ಸರಕಾರ ಕೊಡುವ ಗುರುತು) ಉಂಟು, ಮಲಯಾಳದಲ್ಲಿ ಹೇಳಿದರೆ ಕೇರಳ ಪೂರ್ತಿ ಮಾರುಕಟ್ಟೆ. ಕನ್ನಡದಲ್ಲಿ ಮಾತ್ರ ಹಾಕುವುದು ಬಾಗಿಲು ಮುಚ್ಚಿದ ಹಾಗೆ.

ಪೆರ್ಲ, ಹಪ್ಪಳ–ಉಪ್ಪಿನಕಾಯಿ
ಬಾಗಿಲು ಮುಚ್ಚುವುದು ಅಂದರೆ ಎಂತದು? ಗಿರಾಕಿ ಪುತ್ತೂರಿನವರು, ಮಾತು ಮಲಯಾಳದಲ್ಲಾ? ಇಲ್ಲಿಯ ಕನ್ನಡದವರು ಅಂಗಡಿ ಬೋರ್ಡಿನಿಂದ ಹಿಡಿದು ಎಲ್ಲ ಕಡೆ ಬಿಟ್ಟುಕೊಟ್ಟದ್ದು ಸಾಲದಾ? ಹಲಸಿನ ಹಪ್ಪಳ ಕೊಳ್ಳುವವರಿಗೆ ನಮ್ಮ ಊರಿನ ಕನ್ನಡ ಕೇಳಿದರೇ ನಂಬಿಕೆ.

ಕಾಸರಗೋಡು ಪೇಟೆ, ಕೈಮಗ್ಗದ ಸೀರೆ
ಅಭಿಮಾನ ನನಗೂ ಉಂಟು, ಕಲಿತದ್ದು ಕನ್ನಡ ಶಾಲೆಯಲ್ಲೇ. ನೇಕಾರರಿಗೆ ಕೂಲಿ ಕೊಡುವುದು ಅಭಿಮಾನದಿಂದ ಆಗುವುದಿಲ್ಲ.

ಉಪ್ಪಳ, ಬಟ್ಟೆ ಅಂಗಡಿ
ಇಬ್ಬರೂ ಸ್ವಲ್ಪ ನಿಲ್ಲಿ. ಒಂದೇ ರೀಲಿನಲ್ಲಿ ಎರಡು ಭಾಷೆ ಕಲಸಬೇಡಿ, ಅರ್ಧದಲ್ಲಿ ಇಬ್ಬರೂ ಬಿಟ್ಟು ಹೋಗುತ್ತಾರೆ. ಹಪ್ಪಳಕ್ಕೆ ಮಾತೇ ಬೇಡ. ಕಾದ ತೆಂಗಿನೆಣ್ಣೆಗೆ ಬಿಟ್ಟ ಹಪ್ಪಳ ಅರಳುವುದು, ಆ ಸದ್ದು, ಇದು ಮೊದಲ ಎರಡು ಸೆಕೆಂಡಿನಲ್ಲಿ ಬರಬೇಕು. ಆಮೇಲೆ ಬೆಲೆ ಕನ್ನಡ ಅಕ್ಷರದಲ್ಲಿ. ಅಕ್ಷರ ಕೆಳಗೆ ಬೇಡ, ಅಲ್ಲಿ ಹೆಸರು, ವಿವರಣೆ, ಗುಂಡಿಗಳು ಮುಚ್ಚುತ್ತವೆ. ಮುಖಚಿತ್ರದ ಅಕ್ಷರವೂ ನಡುವಿನಲ್ಲೇ ಇರಲಿ, ಪ್ರೊಫೈಲಿನಲ್ಲಿ ಮೇಲೆ ಕೆಳಗೆ ಕತ್ತರಿಸಿ ತೋರಿಸುತ್ತದೆ. ಜಾಹೀರಾತಿನಲ್ಲಿ ಭಾಷೆ ‘ಕನ್ನಡ’ ಅಂತ ಆರಿಸಬೇಡಿ. ಫೋನನ್ನು ಇಂಗ್ಲಿಷಿನಲ್ಲಿ ಇಟ್ಟ ಕನ್ನಡದವರೇ ಹೆಚ್ಚು, ಅವರೆಲ್ಲ ಹೊರಗೆ ಉಳಿಯುತ್ತಾರೆ.

ಮುಳ್ಳೇರಿಯ, ಗಿಡಗಳ ನರ್ಸರಿ
ವಾಟ್ಸಾಪ್ ಬಿಸಿನೆಸ್ ಆ್ಯಪಿನಲ್ಲೇ ಬ್ರಾಡ್‌ಕಾಸ್ಟ್ (ಒಂದೇ ಮೆಸೇಜ್ ಪಟ್ಟಿಯಲ್ಲಿದ್ದ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುವುದು) ಕಳಿಸಿದರೆ ಸಾಕು, ಜಾಹೀರಾತು ದಂಡ. ಪಟ್ಟಿಗೆ 256 ಜನ. ನಿಮ್ಮ ನಂಬರನ್ನು ಸೇವ್ ಮಾಡಿದವರಿಗೆ ಮಾತ್ರ ತಲಪುವುದು, ಅದಕ್ಕೆ ಪಾರ್ಸೆಲಿನ ಒಳಗೆ ‘ಈ ನಂಬರ್ ಸೇವ್ ಮಾಡಿ’ ಅಂತ ಚೀಟಿ ಇಡಿ. ಎಪಿಐ (ದೊಡ್ಡ ಪ್ರಮಾಣದಲ್ಲಿ ಮೆಸೇಜ್ ಕಳಿಸುವವರ ವಾಟ್ಸಾಪ್ ಸೇವೆ) ತೆಗೆದುಕೊಳ್ಳಿ ಅಂತ ಏಜೆನ್ಸಿಯವರು ಬೆನ್ನು ಹತ್ತುತ್ತಾರೆ. 2025ರ ಜುಲೈಯಿಂದ ಅದರಲ್ಲಿ ಮಾರ್ಕೆಟಿಂಗ್ ಮೆಸೇಜಿಗೆ ಒಂದೊಂದಕ್ಕೂ ಲೆಕ್ಕ, ಮೇಲೆ ಏಜೆನ್ಸಿಯ ತಿಂಗಳ ಬಾಡಿಗೆ. ಗಿರಾಕಿ ತಾನಾಗಿ ಮೆಸೇಜ್ ಹಾಕಿದ 24 ಗಂಟೆಯೊಳಗೆ ಕೊಡುವ ಉತ್ತರಕ್ಕೆ ಮಾತ್ರ ದುಡ್ಡಿಲ್ಲ. ಮೂರು ಐಟಮಿಗೆ ಅದು ಬೇಡವೇ ಬೇಡ.

ಕುಂಬಳೆ, ಬೇಕರಿ
ಸಿಕ್ಕಿದ ನಂಬರನ್ನೆಲ್ಲ ಗ್ರೂಪಿಗೆ ಸೇರಿಸುವವರು ನಿಮ್ಮಂಥವರೇ. ಜನ ರಿಪೋರ್ಟ್ ಒತ್ತಿದರೆ ಅಂಗಡಿಯ ನಂಬರೇ ಬ್ಯಾನ್ ಆಗಬಹುದು, ಅದರೊಟ್ಟಿಗೆ ಚಾಟ್, ಆರ್ಡರ್ ಎಲ್ಲ ಹೋಯಿತು.

ಮುಳ್ಳೇರಿಯ, ಗಿಡಗಳ ನರ್ಸರಿ
ಬ್ರಾಡ್‌ಕಾಸ್ಟ್ ಬೇರೆ, ಗ್ರೂಪ್ ಬೇರೆ. ಓದಿ ಮಾತಾಡಿ.

ಮಂಜೇಶ್ವರ, ಲೆಕ್ಕಪತ್ರ
ಜಗಳದಲ್ಲಿ ಮುಖ್ಯದ್ದು ಬಿಟ್ಟಿರಿ. ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಅದು ಅಂತರರಾಜ್ಯ ಮಾರಾಟ. ತೆರಿಗೆ ಇರುವ ಮಾಲನ್ನು ಬೇರೆ ರಾಜ್ಯಕ್ಕೆ ಮಾರುವವರಿಗೆ ವಹಿವಾಟು ಎಷ್ಟೇ ಚಿಕ್ಕದಿರಲಿ, ಜಿಎಸ್‌ಟಿ ನೋಂದಣಿ ಬೇಕು. ಹಪ್ಪಳಕ್ಕೆ ತೆರಿಗೆ ಇಲ್ಲ, ಅದೊಂದನ್ನೇ ಮಾರಿದರೆ ನೋಂದಣಿ ಬೇಡ. ಉಪ್ಪಿನಕಾಯಿ, ಶರಬತ್ತಿಗೆ ತೆರಿಗೆ ಉಂಟು. ಪುತ್ತೂರಿಗೆ ಪಿನ್ ಹಾಕಿ ಅಂತ ಸಲಹೆ ಕೊಟ್ಟವರು ಇದನ್ನು ಹೇಳಬೇಕಿತ್ತು. ಕಾಂಪೊಸಿಷನ್‌ಗೆ (ಚಿಕ್ಕ ವ್ಯಾಪಾರಿಗಳ ಸರಳ ಜಿಎಸ್‌ಟಿ ಯೋಜನೆ) ಹೋದರೆ ಹೊರ ರಾಜ್ಯಕ್ಕೆ ಮಾರುವ ಹಾಗಿಲ್ಲ, ಜಾಹೀರಾತಿಗೆ ಕಟ್ಟಿದ 18% ಕೂಡ ನೀವು ಕಟ್ಟುವ ತೆರಿಗೆಯಲ್ಲಿ ವಾಪಸ್ ಹಿಡಿಯುವ ಹಾಗಿಲ್ಲ. ರೆಗ್ಯುಲರ್ ನೋಂದಣಿಯಲ್ಲಿ, ಆ್ಯಡ್ ಅಕೌಂಟಿನ ಬಿಲ್ಲಿಂಗ್ ಭಾಗದಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಹಾಕಿದರೆ ಹಿಡಿಯಬಹುದು.

ಉಪ್ಪಳ, ಬಟ್ಟೆ ಅಂಗಡಿ
ಒಪ್ಪಿದೆ, ಆದರೆ ಪಿನ್ ಹಾಕಿದ್ದರಿಂದ ತೆರಿಗೆ ಬಂದದ್ದಲ್ಲ. ಸ್ಟೇಟಸ್ ನೋಡಿ ಮಂಗಳೂರಿಗೆ ಈಗ ಕಳಿಸುತ್ತಿರುವುದಕ್ಕೂ ಅದೇ ನಿಯಮ.

ಬದಿಯಡ್ಕ, ಮನೆ ತಿಂಡಿ
ಹಾಗಾದರೆ ಸದ್ಯ ಹಪ್ಪಳಕ್ಕೆ ಮಾತ್ರ ಜಾಹೀರಾತು ಕೊಡಬಹುದಾ? ಜಾಹೀರಾತಿಗೆ ಮೊದಲು ಕಾಗದಪತ್ರ ಇನ್ನೇನಾದರೂ ಬೇಕಾ?

ಮಂಜೇಶ್ವರ, ಲೆಕ್ಕಪತ್ರ
ಕೊಡಬಹುದು. ಆದರೆ ಉಳಿದೆರಡು ಗಡಿ ದಾಟಿ ಹೋಗುತ್ತಿದ್ದರೆ ಹಪ್ಪಳದ ವಿನಾಯಿತಿ ಉಪಯೋಗಕ್ಕೆ ಬರುವುದಿಲ್ಲ, ಮೊದಲು ಅದನ್ನು ತೀರ್ಮಾನಿಸಿ. ಮತ್ತೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ ಕೇಂದ್ರ ಪ್ರಾಧಿಕಾರ) ನೋಂದಣಿಯ 14 ಅಂಕಿಯ ನಂಬರ್ ಲೇಬಲಿನಲ್ಲಿ ಬೇಕು. ನಿವ್ವಳ ತೂಕ, ಎಂಆರ್‌ಪಿ, ತಯಾರಿಸಿದ ದಿನಾಂಕ, ನಿಮ್ಮ ವಿಳಾಸವೂ ಬೇಕು. ಊಟದ ವಿಡಿಯೊ ಮಾಡುವವರಿಗೆ ದುಡ್ಡೋ ಹಪ್ಪಳವೋ ಕೊಟ್ಟು ಹೊಗಳಿಸಿದರೆ ಅದು ಜಾಹೀರಾತು ಅಂತ ವಿಡಿಯೊದಲ್ಲೇ ಕಾಣಬೇಕು, ಹ್ಯಾಷ್‌ಟ್ಯಾಗ್‌ಗಳ ನಡುವೆ ಅಡಗಿಸುವ ಹಾಗಿಲ್ಲ.

ಪೆರ್ಲ, ಹಪ್ಪಳ–ಉಪ್ಪಿನಕಾಯಿ
ಪೆಟ್ಟಿಗೆಯ ಅಳತೆ ಕಳಿಸಿ ಅಕ್ಕ, ಹಪ್ಪಳದ ಅಡ್ಡಗಲ ಮತ್ತು ಒಂದು ಕಟ್ಟಿನ ಎತ್ತರ ಎರಡೂ. ಜಾಹೀರಾತು ಆಮೇಲೆ.